ಮಡಚಿ ಕಳಿಸಿದ್ದನ್ನು ಬಿಚ್ಚುವವರು ಯಾರು?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡಿದವರಿಗೆ ಆಕಾಶಕ್ಕೆ ಮುಖ ಮಾಡಿ ನಿಂತ ಬಿಳಿಯ ಆಂಟೆನಾಗಳು ಹೊಸವಲ್ಲ. ಅಲ್ಲಿನ ಪ್ರಧಾನ ನಿಯಂತ್ರಣ ಕೇಂದ್ರ ಹುಟ್ಟಿದ್ದು ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದಕ್ಕಾಗಿ. ಅದರ ಕೈಗೆ ಬಂದ ಮೊದಲ ಕೂಸು ಇನ್ಸಾಟ್-1ಎ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಟ್ಟಿದ ಈ ಉಪಗ್ರಹ 1982ರ ಏಪ್ರಿಲ್ 10ರಂದು ಮೇಲೇರಿತು. ಏರಿದ ಮೇಲೆ ಅದರ ಒಂದು ಆಂಟೆನಾ ಬಿಚ್ಚಿಕೊಳ್ಳಲಿಲ್ಲ. ಬಹಳ ಕಸರತ್ತು ಮಾಡಿದ ನಂತರ ಆಂಟೆನಾ ತೆರೆದುಕೊಂಡಿತು. ಆದರೆ ಬಿಸಿಲಿನ ಒತ್ತಡಕ್ಕೆ ಉಪಗ್ರಹ ವಾಲದಂತೆ ತಡೆಯಬೇಕಿದ್ದ ಸೌರಹಾಯಿ ಮಡಚಿದ್ದು ಮಡಚಿದಂತೆಯೇ ಉಳಿಯಿತು. ವಾಲಿದಾಗಲೆಲ್ಲ ಸಣ್ಣ ರಾಕೆಟ್‌ಗಳನ್ನು ಉರಿಸಿ ನೆಟ್ಟಗೆ ನಿಲ್ಲಿಸಬೇಕಾಯಿತು. ಏಳು ವರ್ಷ ಬಾಳಬೇಕಿದ್ದ ಉಪಗ್ರಹ ಇಂಧನ ಮುಗಿದು ಅದೇ ಸೆಪ್ಟೆಂಬರಿನಲ್ಲಿ ಕೈಬಿಟ್ಟುಹೋಯಿತು.

ಮರುವರ್ಷ ಇನ್ಸಾಟ್-1ಬಿ. ಚಾಲೆಂಜರ್ ಶಟಲ್‌ನಲ್ಲಿದ್ದ ಐವರು ಗಗನಯಾತ್ರಿಗಳು ಅದನ್ನು 1983ರ ಆಗಸ್ಟ್ ಕೊನೆಯಲ್ಲಿ ಹೊರಗೆ ಬಿಟ್ಟರು. ಅಂದರೆ ಮನುಷ್ಯರ ಕಣ್ಣೆದುರಿಗೇ ಹೊರಟ ಉಪಗ್ರಹ. ಆದರೆ ಅದರ ಸೌರಫಲಕ ಬಿಚ್ಚಿಕೊಳ್ಳಬೇಕಾದದ್ದು 36,000 ಕಿಲೋಮೀಟರ್ ಎತ್ತರದಲ್ಲಿ. ಶಟಲ್ ಹೋಗಬಲ್ಲದ್ದು ಕೆಲವು ನೂರು ಕಿಲೋಮೀಟರ್. ಫಲಕ ಹಟ ಹಿಡಿಯಿತು. ಸೆಪ್ಟೆಂಬರ್ ಮಧ್ಯದವರೆಗೂ ಎಂಜಿನಿಯರುಗಳು ನೆಲದಿಂದಲೇ ಅದರ ಜೊತೆ ಗುದ್ದಾಡಿ ಬಿಡಿಸಿದರು. ಇದಕ್ಕೂ ಮೊದಲು, 1981ರಲ್ಲಿ, ಬೆಂಗಳೂರಿನಲ್ಲೇ ರೂಪುಗೊಂಡ ಆ್ಯಪಲ್ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದು ತೆರೆಯಲೇ ಇಲ್ಲ. ಎತ್ತಿನ ಗಾಡಿಯ ಮೇಲೆ ಕೂತ ಆ್ಯಪಲ್‌ನ ಫೋಟೋ ಎಲ್ಲರೂ ನೋಡಿದ್ದಾರೆ. ಅದು ಒಂದೇ ರೆಕ್ಕೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ದುಡಿಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಗಗನಯಾನದ ಇತಿಹಾಸವನ್ನು ರಾಕೆಟ್‌ಗಳ ಇತಿಹಾಸವೆಂದೇ ಬರೆಯುವುದು ರೂಢಿ. ಎತ್ತರ, ವೇಗ, ಬೆಂಕಿ. ನನ್ನ ಓದು ನನ್ನನ್ನು ಎಳೆದೊಯ್ದದ್ದು ಕೀಲು, ಸ್ಪ್ರಿಂಗು, ಹಗ್ಗ, ಪಿನ್ನುಗಳ ಕಡೆಗೆ. ರಾಕೆಟ್ಟಿನ ಮೂತಿ ಇಕ್ಕಟ್ಟು. ಅದರೊಳಗೆ ಹೋಗುವ ನೌಕೆಗೆ ಬೇಕಾದ ರೆಕ್ಕೆ, ಆಂಟೆನಾ, ಮನೆ ಎಲ್ಲವೂ ಅದಕ್ಕಿಂತ ದೊಡ್ಡವು. ಹಾಗಾಗಿ ಮಡಚಿ ಕಳಿಸಬೇಕು, ಅಲ್ಲಿ ಹೋಗಿ ಬಿಚ್ಚಬೇಕು. ಇದಕ್ಕೆ ಎಂಜಿನಿಯರುಗಳು ಬಳಸುವ 'ಡಿಪ್ಲಾಯ್' ಎಂಬ ಮಾತು ಸೈನ್ಯದ ಭಾಷೆಯಂತೆ ಕೇಳಿದರೂ ಅದರ ಲ್ಯಾಟಿನ್ ಬೇರಿನ ಅರ್ಥ ಮಡಿಕೆ ಬಿಚ್ಚುವುದು ಎಂದೇ. ಕನ್ನಡದಲ್ಲಿ 'ಅರಳುವುದು' ಎನ್ನಲು ಆಸೆಯಾಗುತ್ತದೆ, ಆದರೆ ಅರಳದ ಮೊಗ್ಗಿನ ಬಗ್ಗೆ ಯಾರೂ ತನಿಖಾ ಸಮಿತಿ ಕೂರಿಸುವುದಿಲ್ಲ. 'ಬಿಚ್ಚುವುದು' ಎಂದೇ ಇಟ್ಟುಕೊಳ್ಳೋಣ.

ಮನುಷ್ಯರನ್ನು ಹೊತ್ತು ಮಂಗಳದಂಥ ಇನ್ನೊಂದು ಗ್ರಹಕ್ಕೆ ಹೋಗುವ ನೌಕೆಯಲ್ಲಿ ಬಿಚ್ಚಬೇಕಾದ ವಸ್ತುಗಳು ಇನ್ನೂ ದೊಡ್ಡವು, ಇನ್ನೂ ಹೆಚ್ಚು. ಇವಕ್ಕೆ ಯಾವ ವ್ಯವಸ್ಥೆ ಆರಿಸಬೇಕು ಎಂಬ ಚರ್ಚೆಯಲ್ಲಿ ಸಾಮಾನ್ಯವಾಗಿ ತೂಕ, ಅಳತೆ, ಕೆಡದಿರುವ ಸಂಭವ ಇವೇ ಮುಂದೆ ಬರುತ್ತವೆ. ಹಿಂದಿನ ಪ್ರಸಂಗಗಳನ್ನು ಓದುತ್ತ ಹೋದಂತೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಎನ್ನಿಸತೊಡಗಿತು: ಅದು ಸಿಕ್ಕಿಹಾಕಿಕೊಂಡರೆ ಅಲ್ಲಿಗೆ ಕೈ ತಲುಪುತ್ತದೆಯೇ?

ನೌಕೆಯಲ್ಲಿ ಮನುಷ್ಯನಿದ್ದಾನೆ ಎಂದಮಾತ್ರಕ್ಕೆ ಕೈ ತಲುಪುತ್ತದೆ ಎಂದಲ್ಲ. 1967ರ ಏಪ್ರಿಲ್ 23ರಂದು ಹಾರಿದ ಸೋಯುಜ್-1ರಲ್ಲಿ ವ್ಲಾದಿಮಿರ್ ಕೊಮಾರೊವ್ ಒಬ್ಬರೇ ಇದ್ದರು. ಎಡಗಡೆಯ ಸೌರಫಲಕ ಬಿಚ್ಚಲಿಲ್ಲ. ಅದು ಅವರ ಆಸನದಿಂದ ಕೆಲವೇ ಮೀಟರ್ ದೂರದಲ್ಲಿತ್ತು. ವಿದ್ಯುತ್ ಸಾಲದಾಯಿತು, ನೌಕೆಯ ದಿಕ್ಕು ಹಿಡಿಯುವುದು ಕಷ್ಟವಾಯಿತು, ಹಿಂದೆ ಬರಬೇಕಿದ್ದ ಎರಡನೆಯ ನೌಕೆಯ ಉಡಾವಣೆ ರದ್ದಾಯಿತು. ಮರುದಿನ ಇಳಿಯುವಾಗ ಇನ್ನೊಂದು ಮಡಚಿಟ್ಟ ವಸ್ತು, ಮುಖ್ಯ ಪ್ಯಾರಾಚೂಟ್, ತನ್ನ ಡಬ್ಬಿಯಿಂದ ಹೊರಗೆ ಬರಲಿಲ್ಲ. ಮೀಸಲು ಪ್ಯಾರಾಚೂಟ್ ತೊಡರಿಕೊಂಡಿತು. ಕೊಮಾರೊವ್ ಬದುಕಲಿಲ್ಲ.

ಈ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಕಥೆ ಸ್ಕೈಲ್ಯಾಬ್‌ನದು. 1979ರಲ್ಲಿ ಅದು ತಲೆಯ ಮೇಲೆ ಬೀಳುತ್ತದೆಂದು ನಮ್ಮ ಹಳ್ಳಿಗಳಲ್ಲೂ ಹುಟ್ಟಿದ ಭಯದ ಬಗ್ಗೆ ಹಿರಿಯರು ಈಗಲೂ ನಗುತ್ತ ಹೇಳುತ್ತಾರೆ. ಅದು ಏರಿದ ದಿನದ ಕಥೆ ಅದಕ್ಕಿಂತ ಸ್ವಾರಸ್ಯದ್ದು.

1973ರ ಮೇ 14ರಂದು ಸ್ಯಾಟರ್ನ್-5 ರಾಕೆಟ್ ಅಮೆರಿಕದ ಈ ಮೊದಲ ಬಾಹ್ಯಾಕಾಶ ನಿಲ್ದಾಣವನ್ನು ಹೊತ್ತೊಯ್ದಿತು. ಜನ ಯಾರೂ ಒಳಗಿರಲಿಲ್ಲ. ಮೂವರು ಮರುದಿನ ಹೋಗುವವರಿದ್ದರು. ನಿಲ್ದಾಣದ ಹೊರಮೈಗೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನೆಯ ಅಲ್ಯೂಮಿನಿಯಂ ಹಾಳೆಯ ಕವಚ ಸುತ್ತಿದ್ದರು. ಕಕ್ಷೆ ತಲುಪಿದ ಮೇಲೆ ಅದು ಗೋಡೆಯಿಂದ ಸುಮಾರು 13 ಸೆಂಟಿಮೀಟರ್ ದೂರಕ್ಕೆ ಉಬ್ಬಿ ನಿಲ್ಲಬೇಕು, ಅಂತರಿಕ್ಷದ ಧೂಳಿನ ಕಣಗಳ ಹೊಡೆತವನ್ನೂ ಬಿಸಿಲಿನ ಕಾವನ್ನೂ ತಡೆಯಬೇಕು. ಹೊರಟು 63 ಸೆಕೆಂಡಿಗೆ ಆ ಕವಚದ ಕೆಳಗೆ ಗಾಳಿ ನುಗ್ಗಿ ಅದನ್ನು ಕಿತ್ತುಹಾಕಿತು. ಕಿತ್ತುಹೋಗುವಾಗ ಅದು ಪಕ್ಕದಲ್ಲಿ ಮಡಚಿಟ್ಟಿದ್ದ ಎರಡು ಸೌರರೆಕ್ಕೆಗಳಲ್ಲಿ ಒಂದರ ಹಿಡಿಕೆ ಸಡಿಲಿಸಿತು. ಸ್ವಲ್ಪ ಹೊತ್ತಿಗೆ ಆ ರೆಕ್ಕೆ ಪೂರ್ತಿ ಹಾರಿಹೋಯಿತು. ಇನ್ನೊಂದು ರೆಕ್ಕೆಯ ಮೇಲೆ ಕವಚದ ಹರಿದ ಪಟ್ಟಿಯೊಂದು ಸುತ್ತಿಕೊಂಡು ಬಿಗಿಯಿತು. ಬೆಲ್ಟು ಕಟ್ಟಿದಂತೆ.

ಒಳಗೆ ಉಷ್ಣತೆ 50 ಡಿಗ್ರಿ ದಾಟಿತು. ಬಿಸಿಲಿಗೆ ಬೆನ್ನು ತಿರುಗಿಸಿದರೆ ತಣ್ಣಗಾಗುತ್ತದೆ, ಆದರೆ ದೂರದರ್ಶಕದ ಮೇಲಿದ್ದ ನಾಲ್ಕು ಚಿಕ್ಕ ಫಲಕಗಳಿಂದ ಬರುತ್ತಿದ್ದ ಅಷ್ಟಿಷ್ಟು ವಿದ್ಯುತ್ತೂ ಹೋಗುತ್ತದೆ. ಬಿಸಿಲಿಗೆ ಮುಖ ಮಾಡಿದರೆ ವಿದ್ಯುತ್ತಿದೆ, ಆದರೆ ಒಳಗಿನ ಆಹಾರ, ಔಷಧಿ, ಫಿಲ್ಮು ಬೇಯುತ್ತವೆ. ನಿಯಂತ್ರಕರು ಹತ್ತು ದಿನಕ್ಕೂ ಮೇಲೆ ನಿಲ್ದಾಣವನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸುತ್ತ, ದೋಸೆ ಸೀಯದಂತೆ ನೋಡಿಕೊಳ್ಳುವವರ ಹಾಗೆ ಕಾದರು. ಅಷ್ಟರಲ್ಲಿ ನೆಲದ ಮೇಲೆ ಒಂದು ನೆರಳಿನ ಬಟ್ಟೆ ತಯಾರಾಗಬೇಕಿತ್ತು.

ನನಗೆ ಮುಖ್ಯವೆನ್ನಿಸುವುದು ಆ ದಿನಗಳಲ್ಲಿ ನಡೆದ ಆಯ್ಕೆ. ಮೂರು ಬಗೆಯ ನೆರಳುಗಳು ಪೈಪೋಟಿಗಿದ್ದವು. ಮೊದಲನೆಯದು, ನೌಕೆಯ ಬಾಗಿಲಲ್ಲಿ ಒಬ್ಬ ಗಗನಯಾತ್ರಿ ನಿಂತು, ಇನ್ನೊಬ್ಬ ನೌಕೆಯನ್ನು ನಿಲ್ದಾಣದ ಸುತ್ತ ಓಡಿಸುತ್ತ, ಹಾಯಿಯಂಥ ಬಟ್ಟೆಯನ್ನು ಮೂಲೆ ಮೂಲೆಗೆ ಕಟ್ಟುವುದು. ಎರಡನೆಯದು ಹಂಟ್ಸ್‌ವಿಲ್‌ನ ಮಾರ್ಷಲ್ ಕೇಂದ್ರದ್ದು: ಇಬ್ಬರು ಹೊರಗೆ ಹೋಗಿ ಎರಡು ಉದ್ದದ ಕಂಬ ಚಾಚಿ, ಬಾವುಟ ಏರಿಸಿದಂತೆ ಹಗ್ಗದಿಂದ ಬಟ್ಟೆ ಎಳೆಯುವುದು. ಮೂರನೆಯದು ಹ್ಯೂಸ್ಟನ್ನಿನ ಜ್ಯಾಕ್ ಕಿನ್ಜ್ಲರ್ ಅವರ ಯೋಚನೆ. ನಿಲ್ದಾಣದ ಬಿಸಿಲುಬದಿಯ ಗೋಡೆಯಲ್ಲಿ ಪ್ರಯೋಗಗಳಿಗೆಂದು ಬಿಟ್ಟಿದ್ದ ಸುಮಾರು ಗೇಣಗಲದ ಒಂದು ಚೌಕ ಕಿಂಡಿಯಿತ್ತು. ಅದರೊಳಗಿಂದ ಮಡಚಿದ ಕೊಡೆಯನ್ನು ಹೊರಗೆ ತೂರಿಸಿ ಅಲ್ಲಿ ಬಿಚ್ಚಿದರೆ? ಒಂದರೊಳಗೊಂದು ಸರಿಯುವ ಮೀನು ಹಿಡಿಯುವ ಗಾಳದ ಕೋಲುಗಳನ್ನು ಜೋಡಿಸಿ ಅವರು ಮಾದರಿ ಮಾಡಿ ತೋರಿಸಿದರು. ಕೋಲಿನ ಬುಡದಲ್ಲಿ ಸ್ಪ್ರಿಂಗು. ಬಟ್ಟೆ ನೈಲಾನ್ ಮತ್ತು ಅಲ್ಯೂಮಿನಿಯಂ ಲೇಪದ ಹಾಳೆ. ಬಿಚ್ಚಿದರೆ ಸುಮಾರು 7 ಮೀಟರ್ ಅಗಲ.

ಮೂರನ್ನೂ ಹೊಲಿದರು, ಮೂರನ್ನೂ ನೌಕೆಗೆ ತುಂಬಿದರು. ಮೊದಲು ಬಳಸಲು ಆರಿಸಿದ್ದು ಕೊಡೆಯನ್ನು. ಅದು ಅತ್ಯುತ್ತಮ ನೆರಳು ಎಂದಲ್ಲ. ನೈಲಾನ್ ಬಹುಕಾಲ ಬಿಸಿಲು ತಡೆಯಲಾರದು ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಆದರೆ ಅದನ್ನು ಒಳಗೆ ನಿಂತೇ ಬಿಚ್ಚಬಹುದಿತ್ತು. ಸಿಕ್ಕಿಹಾಕಿಕೊಂಡರೆ ಕೋಲನ್ನು ಅಲ್ಲಾಡಿಸಬಹುದು, ಹಿಂದಕ್ಕೆಳೆಯಬಹುದು. ಮೇ 25ರಂದು ಹೊರಟ ಪೀಟ್ ಕಾನ್ರಾಡ್, ಜೋಸೆಫ್ ಕರ್ವಿನ್, ಪಾಲ್ ವೈಟ್ಜ್ ಮರುದಿನ ಕಿಂಡಿಯೊಳಗಿಂದ ಕೊಡೆ ತೂರಿಸಿದರು. ಚಳಿಗೆ ಬಟ್ಟೆ ಸೆಡೆತುಕೊಂಡು ಸುಕ್ಕುಸುಕ್ಕಾಗಿಯೇ ಬಿಚ್ಚಿತು. ಸಾಕಾಯಿತು, ಒಳಗಿನ ಕಾವು ಇಳಿಯತೊಡಗಿತು. ಎರಡನೆಯ ತಂಡ ಬಂದು, ಆಗಸ್ಟಿನಲ್ಲಿ ಮಾರ್ಷಲ್ ಕೇಂದ್ರದ ಎರಡು ಕಂಬದ ಬಟ್ಟೆಯನ್ನು ಆ ಕೊಡೆಯ ಮೇಲೆಯೇ ಹರಡಿತು. ಹೀಗೆ ಬಲವಾದದ್ದು ಎರಡನೆಯದಾಗಿ ಬಂತು, ಕೈಗೆಟಕುವುದು ಮೊದಲು ಬಂತು. ಆ ಸರದಿಯಲ್ಲಿ ಒಂದು ವಿವೇಕವಿದೆ ಎಂದು ನನಗನ್ನಿಸುತ್ತದೆ.

ಇನ್ನು ಸಿಕ್ಕಿಕೊಂಡ ರೆಕ್ಕೆ. ನಿಲ್ದಾಣ ತಲುಪಿದ ದಿನವೇ ವೈಟ್ಜ್ ನೌಕೆಯ ಬಾಗಿಲಿನಿಂದ ಅರ್ಧ ಹೊರಗೆ ನಿಂತರು, ಕರ್ವಿನ್ ಅವರ ಕಾಲು ಹಿಡಿದುಕೊಂಡರು, ಕಾನ್ರಾಡ್ ನೌಕೆ ಓಡಿಸಿದರು. ಉದ್ದ ಕೋಲಿನ ಕೊಕ್ಕೆಯಿಂದ ಎಷ್ಟು ಮೀಟಿದರೂ ರೆಕ್ಕೆ ಜಗ್ಗಲಿಲ್ಲ. ಅವರು ಕಂಡದ್ದನ್ನು ಕೇಳಿಸಿಕೊಂಡ ನೆಲದವರು ಅದೇ ಥರದ ಅವಶೇಷವನ್ನು ಕಟ್ಟಿ, ಹಂಟ್ಸ್‌ವಿಲ್‌ನ ಭಾರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ರಸ್ಟಿ ಶ್ವೈಕಾರ್ಟ್ ಎಂಬ ಗಗನಯಾತ್ರಿ ಆ ತೊಟ್ಟಿಗಿಳಿದು ಯಾವ ಕ್ರಮದಲ್ಲಿ ಕತ್ತರಿಸಬಹುದೆಂದು ಕಂಡುಹಿಡಿದು ಮೇಲಿನವರಿಗೆ ಹೇಳಿದರು. ಮೇಲಿನವರ ಬಳಿ ಕತ್ತರಿಯಿತ್ತು. ಮಿಸೌರಿಯ ಸೆಂಟ್ರೇಲಿಯಾ ಎಂಬ ಸಣ್ಣ ಊರಿನ ಎ.ಬಿ. ಚಾನ್ಸ್ ಎಂಬ ಕಂಪನಿಯಿಂದ ತಂದದ್ದು. ಅದು ಲೈನ್‌ಮನ್‌ಗಳಿಗೆ ಸಲಕರಣೆ ಮಾಡುವ ಕಂಪನಿ. ಕಂಬ ಹತ್ತದೆ ಕೆಳಗಿನಿಂದಲೇ ಕೆಲಸ ಮಾಡಲು ಉದ್ದ ಕೋಲು, ತುದಿಗೆ ಕತ್ತರಿ.

ಜೂನ್ 7ರಂದು ಕಾನ್ರಾಡ್ ಮತ್ತು ಕರ್ವಿನ್ ಹೊರಗೆ ಬಂದರು. ರೆಕ್ಕೆಯಿದ್ದ ಕಡೆ ಹಿಡಿದುಕೊಳ್ಳಲು ಒಂದು ಹಿಡಿಯೂ ಇರಲಿಲ್ಲ, ಕಾಲೂರಲು ಒಂದು ಮೆಟ್ಟಿಲೂ ಇರಲಿಲ್ಲ. ಅಲ್ಲಿಗೆ ಯಾರಾದರೂ ಹೋಗಬೇಕಾದೀತೆಂದು ವಿನ್ಯಾಸ ಮಾಡಿದವರು ಎಣಿಸಿರಲಿಲ್ಲ. 25 ಅಡಿ ಉದ್ದದ ಕೋಲು ಹಿಡಿದ ಕರ್ವಿನ್ ಒಂದು ಕೈಯಲ್ಲಿ ಕೋಲು ಆಡಿಸಲು ಹೋದರೆ ದೇಹವೇ ತಿರುಗುತ್ತಿತ್ತು. ಕೊನೆಗೆ ತಮ್ಮನ್ನು ಕಟ್ಟಿಕೊಂಡಿದ್ದ ಹಗ್ಗವನ್ನು ಮಡಚಿ ಗಿಡ್ಡ ಮಾಡಿ, ಅದರ ಬಿಗಿತಕ್ಕೆ ಒರಗಿ ನಿಂತ ಮೇಲೆ ಕತ್ತರಿಯ ಬಾಯಿ ಪಟ್ಟಿಯನ್ನು ಕಚ್ಚಿತು. ಆಗ ಆ ಕೋಲೇ ಕಾನ್ರಾಡ್‌ಗೆ ಹಿಡಿಗಂಬಿಯಾಯಿತು. ಅದರ ಮೇಲೆ ಕೈಮೇಲೆ ಕೈಯಿಟ್ಟು ಅವರು ರೆಕ್ಕೆಯ ಬಳಿ ಹೋದರು. ಪಟ್ಟಿ ತುಂಡಾಯಿತು. ರೆಕ್ಕೆಯ ಕೀಲಿನ ಡ್ಯಾಂಪರ್ ಚಳಿಗೆ ಹೆಪ್ಪುಗಟ್ಟಿದ್ದರಿಂದ ಅದು ಮತ್ತೂ ಅಲುಗಲಿಲ್ಲ. ರೆಕ್ಕೆಗೆ ಕಟ್ಟಿದ್ದ ಹಗ್ಗವನ್ನು ಇಬ್ಬರೂ ಹೆಗಲಿಗೆ ಕೊಟ್ಟು, ಮೈಯೆಲ್ಲ ಬಲ ಹಾಕಿ ಎದ್ದು ನಿಂತರು. ಡ್ಯಾಂಪರ್ ಮುರಿಯಿತು, ಇಬ್ಬರೂ ಹಗ್ಗದ ತುದಿಯಲ್ಲಿ ಎಗರಿಬಿದ್ದರು. ತಿರುಗಿ ನೋಡಿದರೆ ರೆಕ್ಕೆ ತೆರೆದಿತ್ತು. ಆ ತಂಡ 28 ದಿನ ಅಲ್ಲಿ ಬಾಳಿತು. ಕೊನೆಯ ತಂಡ 84 ದಿನ.

ಇದನ್ನು ಮನುಷ್ಯನ ಜಾಣತನದ ಗೆಲುವೆಂದು ಹೇಳಿ ನಿಲ್ಲಿಸುವವರೇ ಹೆಚ್ಚು. ಬ್ರೂಸ್ ಲುಂಡಿನ್ ಅಧ್ಯಕ್ಷತೆಯ ತನಿಖಾ ಮಂಡಳಿ ಅಲ್ಲಿಗೆ ನಿಲ್ಲಿಸಲಿಲ್ಲ. ಕವಚವನ್ನು ಕಟ್ಟಿದವರೆಲ್ಲ ಅದನ್ನು ಗೋಡೆಗೆ ಬಿಗಿದ ಚರ್ಮವೆಂದೇ ಭಾವಿಸಿದ್ದರು, ಅದೊಂದು ಬೇರೆಯೇ ವ್ಯವಸ್ಥೆಯೆಂದು ನೋಡಿ ಅದರ ಹೊಣೆ ಹೊತ್ತ ಒಬ್ಬ ಎಂಜಿನಿಯರ್ ಇರಲಿಲ್ಲ ಎಂದಿತು ಮಂಡಳಿ. ಮೀಸಲಾಗಿದ್ದ ಇನ್ನೊಂದು ನಿಲ್ದಾಣದ ವಿಷಯ ಬಂದಾಗ ಅದರ ಸಲಹೆ ನೇರವಾಗಿತ್ತು: ಕವಚವನ್ನೇ ಬಿಟ್ಟುಬಿಡಿ, ಗೋಡೆಗೆ ತಕ್ಕ ಲೇಪ ಹಚ್ಚಿ, ಕವಚ ಬೇಕೇಬೇಕೆಂದರೆ ಬಿಚ್ಚದ, ಕೂತಲ್ಲೇ ಕೂತ ಕವಚವನ್ನು ಪರಿಶೀಲಿಸಿ. ಯಾವ ಕೀಲು ಒಳ್ಳೆಯದು ಎಂಬ ಪ್ರಶ್ನೆಗೆ ಕೀಲು ಬೇಕೇ ಎಂಬ ಉತ್ತರ. ನನ್ನ ಪ್ರಕಾರ ಸ್ಕೈಲ್ಯಾಬ್ ಬಿಟ್ಟುಹೋದ ದೊಡ್ಡ ಪಾಠ ಕೊಡೆಯಲ್ಲ, ಈ ಸಲಹೆ.

ಆದರೆ ದೊಡ್ಡದಾಗಬೇಕಾದದ್ದು ದೊಡ್ಡದಾಗಲೇಬೇಕಲ್ಲ. 1979ರಲ್ಲಿ ಸೋವಿಯತ್ ಸಲ್ಯೂತ್-6 ನಿಲ್ದಾಣದ ಹಿಂಬದಿಯಲ್ಲಿ 10 ಮೀಟರ್ ಅಗಲದ ರೇಡಿಯೊ ದೂರದರ್ಶಕವೊಂದನ್ನು ಬಿಚ್ಚಿದರು. ಬಿಚ್ಚಿದ್ದು ಸರಿಯಾಗಿಯೇ, ಕೆಲಸ ಮುಗಿದು ಕಳಚಿ ಎಸೆಯುವಾಗ ಅದರ ತಂತಿಬಲೆ ನಿಲ್ದಾಣಕ್ಕೆ ಸಿಕ್ಕಿಕೊಂಡಿತು. ಇನ್ನೊಂದು ನೌಕೆ ಬಂದು ಸೇರಬೇಕಾದ ದ್ವಾರಕ್ಕೇ ಅಡ್ಡ. ವ್ಲಾದಿಮಿರ್ ಲ್ಯಾಖೊವ್ ಮತ್ತು ವಲೇರಿ ರ್ಯೂಮಿನ್ ಆಗಲೇ ಸುಮಾರು ಆರು ತಿಂಗಳು ತೂಕವಿಲ್ಲದ ಬದುಕು ಬದುಕಿದ್ದರು. ಆಗಸ್ಟ್ 15ರಂದು ಹೊರಗೆ ಹೋಗಿ, ತಂತಿ ಕತ್ತರಿಸಿ, ಅದನ್ನು ಒದ್ದು ಕಳಿಸಿದರು. ಮಂಗಳಕ್ಕೆ ಹೋಗುವವರೂ ಅಲ್ಲಿ ಮುಟ್ಟುವ ಹೊತ್ತಿಗೆ ಅಷ್ಟೇ ತಿಂಗಳು ಹೀಗೆಯೇ ಕಳೆದಿರುತ್ತಾರೆ. ಈ ಪುಟ್ಟ ಪ್ರಸಂಗ ಅವರಿಗೆ ಸ್ಕೈಲ್ಯಾಬ್‌ಗಿಂತ ಹತ್ತಿರದ್ದು.

ಬಿಚ್ಚುವುದಕ್ಕಿಂತ ಮತ್ತೆ ಮಡಚುವುದು ಕಷ್ಟ. ಅಂಗಡಿಯಲ್ಲಿ ಬಿಚ್ಚಿ ತೋರಿಸಿದ ಸೀರೆಯನ್ನು ಮನೆಯಲ್ಲಿ ಅದೇ ಮಡಿಕೆಗೆ ತರಲು ನೋಡಿದವರಿಗೆ ಇದು ಗೊತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸುಮಾರು 35 ಮೀಟರ್ ಉದ್ದದ ಸೌರರೆಕ್ಕೆಯೊಂದನ್ನು 2006ರ ಡಿಸೆಂಬರಿನಲ್ಲಿ ಮಡಚಲು ಹೊರಟಾಗ ಅದು ಅರ್ಧದಲ್ಲಿ ನಿಂತಿತು. ರೆಕ್ಕೆ ನಡುಗಲೆಂದು ನಿಲ್ದಾಣದೊಳಗೆ ಥಾಮಸ್ ರೈಟರ್ ವ್ಯಾಯಾಮದ ಸಲಕರಣೆಯ ಮೇಲೆ ಜೋರಾಗಿ ಕಸರತ್ತು ಮಾಡಿದ್ದೂ ಉಂಟು. ಆಮೇಲೆ ಬಾಬ್ ಕರ್ಬೀಮ್, ಸುನೀತಾ ವಿಲಿಯಮ್ಸ್ ಹೊರಗೆ ಹೋಗಿ ಕೈಯಿಂದ ಅಲುಗಿಸಿದರು. ಕರ್ಬೀಮ್ ಮತ್ತು ಕ್ರಿಸ್ಟರ್ ಫೂಗ್ಲೆಸಾಂಗ್ ಇನ್ನೊಂದು ನಡಿಗೆಯಲ್ಲಿ ಕೆಲಸ ಮುಗಿಸಿದರು. ಅದೇ ರೆಕ್ಕೆಯನ್ನು 2007ರ ಅಕ್ಟೋಬರ್ 30ರಂದು ಹೊಸ ಜಾಗದಲ್ಲಿ ಬಿಚ್ಚುವಾಗ ಹರಿಯಿತು. ನವೆಂಬರ್ 3ರಂದು ಸ್ಕಾಟ್ ಪ್ಯಾರಜಿನ್ಸ್ಕಿ ರೋಬಾಟ್ ತೋಳಿಗೆ ಇನ್ನೊಂದು ಉದ್ದದ ಬೂಮು ಸೇರಿಸಿ ಅದರ ತುದಿಯಲ್ಲಿ ನಿಂತು ಹೋದರು. ರೆಕ್ಕೆಯಲ್ಲಿ ವಿದ್ಯುತ್ ಹರಿಯುತ್ತಿತ್ತು, ಆರಿಸುವ ಸ್ವಿಚ್ ಇಲ್ಲ; ಸೂರ್ಯನೇ ಸ್ವಿಚ್. ಸಲಕರಣೆಗಳಿಗೆಲ್ಲ ನಿರೋಧಕ ಟೇಪು ಸುತ್ತಿದ್ದರು. ನಿಲ್ದಾಣದಲ್ಲಿ ಸಿಕ್ಕ ತಂತಿ, ಅಲ್ಯೂಮಿನಿಯಂ ತುಂಡುಗಳಿಂದ ಮಾಡಿಕೊಂಡ ಐದು ಹೊಲಿಗೆಗಳನ್ನು, ಅಂಗಿಯ ತೋಳಿಗೆ ಹಾಕುವ ಗುಂಡಿಗಳಂತೆ, ಹರಿದ ಕಡೆ ತೂರಿಸಿದರು. ರೆಕ್ಕೆ ಪೂರ್ತಿ ತೆರೆಯಿತು.

ಇಷ್ಟರಲ್ಲೂ ಭೂಮಿ ಹತ್ತಿರವಿತ್ತು. ತೊಟ್ಟಿಯಲ್ಲಿ ಅಭ್ಯಾಸ ಮಾಡಿ ಹೇಳುವವರು, ಬೇಕಾದ ಕತ್ತರಿ ಕೊಂಡು ಕಳಿಸುವವರು, ಕೇಳಿದ ಕೂಡಲೇ ಉತ್ತರಿಸುವವರು ಇದ್ದರು. ಮಂಗಳದ ದಾರಿಯಲ್ಲಿ ಮಾತೊಂದು ಹೋಗಲು 20 ನಿಮಿಷದವರೆಗೂ ಬೇಕು, ಉತ್ತರ ಬರಲು ಮತ್ತಷ್ಟು. ಕತ್ತರಿಯಂತೂ ಬರುವುದೇ ಇಲ್ಲ.

ದೂರದ ಜೊತೆಗೆ ಕಾಲದ ಕಾಟ ಬೇರೆ. ನಮ್ಮ ಅಟ್ಟದ ಮೇಲೆ ಎರಡು ಮಳೆಗಾಲ ಮಡಚಿಯೇ ಬಿದ್ದಿದ್ದ ಕೊಡೆಯೊಂದನ್ನು ಬಿಚ್ಚಲು ಹೋಗಿ ಎರಡು ಕಡ್ಡಿ ಮುರಿದ ನೆನಪು ನನಗಿದೆ. ಗುರುಗ್ರಹಕ್ಕೆ ಹೋದ ಗೆಲಿಲಿಯೊ ನೌಕೆಯ ಕಥೆಯೂ ಹೆಚ್ಚುಕಡಿಮೆ ಅದೇ. 18 ಕಡ್ಡಿಗಳ, 4.8 ಮೀಟರ್ ಅಗಲದ ಕೊಡೆಯಂಥ ಆಂಟೆನಾ. ಚಾಲೆಂಜರ್ ದುರಂತದಿಂದ ಉಡಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಅಷ್ಟರಲ್ಲಿ ನೌಕೆ ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳ ನಡುವೆ ಲಾರಿಯಲ್ಲಿ ಓಡಾಡಿತು, ಉಳಿದ ಕಾಲ ಮಡಚಿಕೊಂಡೇ ಇತ್ತು. ಕಡ್ಡಿಗಳ ಪಿನ್ನುಗಳಿಗೆ ಹಚ್ಚಿದ್ದ ಒಣ ಕೀಲೆಣ್ಣೆಯಂಥ ಲೇಪ ಸವೆದುಹೋಯಿತು. 1991ರ ಏಪ್ರಿಲಿನಲ್ಲಿ, ಹಾರಿ ಒಂದೂವರೆ ವರ್ಷದ ಮೇಲೆ, ಬಿಚ್ಚಿಕೋ ಎಂದಾಗ ಕೆಲವು ಕಡ್ಡಿಗಳು ಅಂಟಿಕೊಂಡು ಕೂತವು. ಬಿಸಿಲಿಗೊಡ್ಡಿ ಕಾಯಿಸಿದರು, ನೆರಳಿಗೆ ತಿರುಗಿಸಿ ತಣಿಸಿದರು, ಮೋಟರನ್ನು ಸಾವಿರಾರು ಸಲ ತಟ್ಟಿ ತಟ್ಟಿ ಓಡಿಸಿದರು. ಬರಲಿಲ್ಲ. ಸೆಕೆಂಡಿಗೆ 1,34,000 ಬಿಟ್ ಕಳಿಸಬೇಕಿದ್ದ ನೌಕೆ ಚಿಕ್ಕ ಆಂಟೆನಾದಿಂದ ಹೆಚ್ಚೆಂದರೆ 160 ಬಿಟ್ ಪಿಸುಗುಟ್ಟಿತು. ಗುರುವಿನ ಅಷ್ಟು ಚಿತ್ರಗಳು ನಮಗೆ ಸಿಕ್ಕಿದ್ದು ಆ ಪಿಸುಮಾತನ್ನು ತಾಳ್ಮೆಯಿಂದ ಕೇಳಿದವರಿಂದ. ಅಂಟಿದ್ದ ಆ ಕಡ್ಡಿಗಳ ಪಕ್ಕದಲ್ಲಿ ಒಂದು ಕೈ ಇದ್ದಿದ್ದರೆ?

ಕೈ ಇದ್ದಾಗ ಏನಾಗುತ್ತದೆ ಎಂಬುದಕ್ಕೆ 2016ರ ಒಂದು ಉದಾಹರಣೆಯಿದೆ. ಗಾಳಿ ತುಂಬಿ ಉಬ್ಬಿಸುವ ಮನೆಯ ಕಲ್ಪನೆ ನಾಸಾದಲ್ಲಿ ಬೆಳೆದದ್ದು 1990ರ ದಶಕದ ಕೊನೆಯ ಟ್ರಾನ್ಸ್‌ಹ್ಯಾಬ್ ಯೋಜನೆಯಲ್ಲಿ, ಅದೂ ಮಂಗಳಯಾನವನ್ನು ಕಣ್ಣಮುಂದಿಟ್ಟುಕೊಂಡು. ನಡುವೆ ಗಟ್ಟಿ ಕಂಬ, ಸುತ್ತ ಹಲವು ಪದರಗಳ ಬಟ್ಟೆ. ಅಮೆರಿಕದ ಸಂಸತ್ತು ಅದನ್ನು ನಿಲ್ಲಿಸಿತು. ಬಿಗೆಲೊ ಎಂಬ ಖಾಸಗಿ ಕಂಪನಿ ಕಲ್ಪನೆಯನ್ನು ಮುಂದುವರಿಸಿ ಬೀಮ್ ಎಂಬ ಚಿಕ್ಕ ಕೋಣೆ ಕಟ್ಟಿತು. ಮೇ 26ರಂದು ಅದನ್ನು ಬಾಹ್ಯಾಕಾಶ ನಿಲ್ದಾಣದಲ್ಲಿ ಉಬ್ಬಿಸಲು ಹೋದರೆ ಬಟ್ಟೆ ಬಿಡಿಸಿಕೊಳ್ಳಲಿಲ್ಲ. ಅದೂ ಅಂದುಕೊಂಡದ್ದಕ್ಕಿಂತ ತಿಂಗಳುಗಟ್ಟಲೆ ಹೆಚ್ಚು ಕಾಲ ಮಡಚಿಯೇ ಇತ್ತು, ಮಡಿಕೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಎರಡು ದಿನ ಬಿಟ್ಟು ಜೆಫ್ ವಿಲಿಯಮ್ಸ್ ಕವಾಟದ ಬಳಿ ಕೂತು, ಚೂರು ಗಾಳಿ ಬಿಡುವುದು, ನಿಲ್ಲಿಸುವುದು, ಒಳಗಿನ ಚಟಪಟ ಸದ್ದು ಕೇಳುವುದು, ಮತ್ತೆ ಬಿಡುವುದು, ಹೀಗೆ 25 ಸಲ ಮಾಡಿದರು. ಏಳು ಗಂಟೆಗೂ ಮೇಲೆ ಹಿಡಿಯಿತು. ಆ ಕೋಣೆ ತೆರೆದದ್ದು ಮೋಟರಿನಿಂದಲ್ಲ, ಕಿವಿ ಮತ್ತು ಬೆರಳಿನಿಂದ.

ಹಾಗಾದರೆ ಮಂಗಳದ ನೌಕೆಗೆ ಏನನ್ನು ಆರಿಸಬೇಕು? ಈಗ ಮೆಚ್ಚುಗೆ ಗಳಿಸಿರುವುದು ಸುರುಳಿ ಬಿಚ್ಚುವ ಸೌರಫಲಕ. ಚಾಪೆಯಂತೆ ಸುತ್ತಿಟ್ಟರೆ, ಅಂಚಿನ ಬಾಗುಪಟ್ಟಿಗಳು ತಮ್ಮ ಬಿಗಿತದಿಂದಲೇ ಅದನ್ನು ಚಾಚಿ ನಿಲ್ಲಿಸುತ್ತವೆ, ಕೀಲುಗಳು ಕಡಿಮೆ. 2021ರಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಇಂಥವನ್ನು ಗಗನಯಾತ್ರಿಗಳೇ ಕೂರಿಸುತ್ತ ಬಂದಿದ್ದಾರೆ. ಇದರ ದೌರ್ಬಲ್ಯವೂ ಬೆಳಕಿಗೆ ಬಂದಿದೆ: 2017ರ ಪರೀಕ್ಷೆಯಲ್ಲಿ ಬಿಚ್ಚಿದ್ದು ಚೆನ್ನಾಗಿಯೇ ಬಿಚ್ಚಿತು, ಮತ್ತೆ ಸುತ್ತಿ ಬಿಗಿಯಲು ಆಗದೆ ಅದನ್ನು ಅಂತರಿಕ್ಷಕ್ಕೆ ಬಿಟ್ಟುಕೊಡಬೇಕಾಯಿತು. ಪರಮಾಣು ವಿದ್ಯುತ್ತಿನಿಂದ ಸಾಗುವ ನೌಕೆಯಾದರೆ ಕಾವು ಹೊರಹಾಕುವ ಫಲಕಗಳು ಬಿಚ್ಚಿದಾಗ ಫುಟ್‌ಬಾಲ್ ಮೈದಾನದಷ್ಟಾಗುತ್ತವೆ. ಅಷ್ಟನ್ನು ಮಡಚುವ ಗೊಡವೆಯೇ ಬೇಡ, ಬಿಡಿಭಾಗಗಳಾಗಿ ಒಯ್ದು ರೋಬಾಟ್‌ಗಳಿಂದ ಅಲ್ಲೇ ಜೋಡಿಸೋಣ ಎಂಬ ಪ್ರಯತ್ನ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ನಡೆದಿದೆ. ಲುಂಡಿನ್ ಮಂಡಳಿ ಕೇಳಿದ ಪ್ರಶ್ನೆ ಬೇರೆ ದಾರಿಯಿಂದ ಮತ್ತೆ ಬಂದಂತಿದೆ.

ನನಗೆ ತೋರುವುದು ಇಷ್ಟು. ಬಿಚ್ಚಬಹುದಾದದ್ದನ್ನೆಲ್ಲ ಭೂಮಿಯ ಕಕ್ಷೆಯಲ್ಲೇ ಬಿಚ್ಚಿ, ನೋಡಿ, ಆಮೇಲೆ ಹೊರಡಬೇಕು. ಅಲ್ಲಿಯೇ ಬಿಚ್ಚಬೇಕಾದ ಪ್ಯಾರಾಚೂಟು, ಇಳಿಯುವ ಕಾಲು ಇಂಥವಕ್ಕೆ ಕೈ ತಲುಪುವುದಿಲ್ಲ; ಅವು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ದಾರಿಯಲ್ಲಿ ಕೆಲಸ ಮಾಡುವ ರೆಕ್ಕೆ, ಆಂಟೆನಾಗಳ ವಿಷಯದಲ್ಲಿ, ಕೆಡುವ ಸಂಭವ ಸ್ವಲ್ಪ ಹೆಚ್ಚಿದ್ದರೂ ಕೈಗವಸು ತೊಟ್ಟ ಕೈ ಬಿಡಿಸಬಹುದಾದ ವ್ಯವಸ್ಥೆಯೇ ನನ್ನ ಆಯ್ಕೆ. ಇದಕ್ಕೆ ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ: ಪ್ರತಿ ಬಾಹ್ಯಾಕಾಶ ನಡಿಗೆಯೂ ಪ್ರಾಣಕ್ಕೆ ಸಂಚಕಾರ, ನಾಲ್ಕಾರು ಜನರ ನೌಕೆಯಲ್ಲಿ ಒಬ್ಬರನ್ನು ಹೊರಗೆ ಕಳಿಸುವ ನಿರ್ಧಾರ ಹ್ಯೂಸ್ಟನ್ನಿನ ನೆರವಿರುವ ನಿಲ್ದಾಣದಲ್ಲಿದ್ದಂತೆ ಅಲ್ಲ. ಯಂತ್ರದ ಕೊರತೆಯನ್ನು ಮನುಷ್ಯನ ಮೈಮೇಲೆ ಹೊರಿಸಿದಂತಾಗುವುದಿಲ್ಲವೇ ಎಂದು ಕೇಳಿದರೆ, ಆಗುತ್ತದೆ ಎಂದೇ ಹೇಳಬೇಕು. ಶಟಲ್ ಕಟ್ಟಿದವರು ಇದನ್ನು ಅರಿತೇ ಒಪ್ಪಿಕೊಂಡಿದ್ದರು. ಅದರ ಸರಕಿನ ಬಾಗಿಲುಗಳು ಮುಚ್ಚದಿದ್ದರೆ ಭೂಮಿಗೆ ಮರಳುವಂತಿಲ್ಲ. ಹಾಗಾಗಿ ಬಾಗಿಲನ್ನು ಕೈಯಿಂದ ಎಳೆದು ಚಿಲಕ ಹಾಕುವ ಸಲಕರಣೆಗಳನ್ನು ಜೊತೆಗೊಯ್ದು, ಗಗನಯಾತ್ರಿಗಳಿಗೆ ಅದನ್ನು ಕಲಿಸಿ ಕಳಿಸುತ್ತಿದ್ದರು.

ಇದರ ಬೆಲೆ ಕಿಲೋಗಳಲ್ಲಿ ಕಟ್ಟಬೇಕಾಗುತ್ತದೆ. ರೆಕ್ಕೆಯ ಬುಡದಿಂದ ತುದಿಯವರೆಗೆ ಹಿಡಿಗಂಬಿ, ಕಾಲೂರುವ ಮೆಟ್ಟಿಲು, ಹಗ್ಗ ಕಟ್ಟುವ ಬಳೆ. ತೂಕ ಕಡಿಮೆ ಮಾಡುವ ಸಭೆಯಲ್ಲಿ ಮೊದಲು ಹೊಡೆದುಹಾಕುವ ಸಾಲುಗಳು ಇವೇ, ಏಕೆಂದರೆ ಅವು ಇರುವುದು ಯಾರೂ ಹೋಗಬೇಕಿಲ್ಲದ ಜಾಗದಲ್ಲಿ. ಕರ್ವಿನ್ ಕೋಲು ಹಿಡಿದು ಗಿರಗಿರ ತಿರುಗಿದ್ದೂ ಅಂಥ ಜಾಗದಲ್ಲಿಯೇ.